ಸೆರಗಿನ ಮೇಲೊಂದು ವಿಮಾನ

“ಅಂಗಡಿಗೆ ಹೋಗಂಗಿಲ್ಲ ಅಂದ್ರ ಹೋಗಂಗಿಲ್ಲ!” ಎಂದು ಬೆಟಗೇರಿಯ ಸಿದ್ದಲಿಂಗೇಶ ಮಗ್ಗದ ಪಕ್ಕ ನಿಂತು ಘೋಷಿಸಿದ. ಎದುರಿಗಿದ್ದವಳು ಹೆಂಡತಿ ಶಿವರಂಜನಿ ಒಬ್ಬಳೇ. ದನಿ ಮಾತ್ರ ಗದಗ ಸ್ಟೇಶನ್ನಿಗೆ ಮುಟ್ಟುವಷ್ಟಿತ್ತು.

ಸಿಟ್ಟಿಗೆ ಕಾರಣವಿತ್ತು. ಹೋದ ವರ್ಷ ಶಿವರಂಜನಿ ನೇಯ್ದ ಹೊಸ ಸೆರಗಿನ ಫೋಟೋವನ್ನು ಜೆಪಿಜಿ ಮಾಡಿಸಲು ಇವನು ಒಂದು ಕಂಪ್ಯೂಟರ್ ಅಂಗಡಿಗೆ ಕೊಟ್ಟು ಬಂದಿದ್ದ. ಅದು ಅಲ್ಲಿಂದ ಯಾರ್ಯಾರ ಫೋನು ಸುತ್ತಿತೋ, ಸೀರೆ ಮಗ್ಗದಿಂದ ಇಳಿಯುವ ಮೊದಲೇ ಅದರ ತದ್ರೂಪು ಯಾವುದೋ ಮಳಿಗೆಯ ಗೊಂಬೆಯ ಮೈಮೇಲಿತ್ತು.

ಈ ಸಲ ಅವಳು ಸೆರಗಿನಲ್ಲಿ ಜೋಳದ ತೆನೆಯ ಮೇಲೆ ಗುಬ್ಬಿ ಕೂರಿಸಿದ್ದಳು. ಲಕ್ಷ್ಮೇಶ್ವರದ ಸೀರೆ ಸಾವ್ಕಾರರು ಮೆಚ್ಚಿದರೆ ಹಬ್ಬದ ಆರ್ಡರ್ ಪೂರ್ತಿ ಇವರದೇ. ಆದರೆ ಸಿದ್ದಲಿಂಗೇಶನ ಫೋನು ತೆಗೆಯುವ ಫೋಟೋ ‘ಹೀಕ್’ ಎಂಬ ಜಾತಿಯದು (ಹೆಸರೇ ಬಿಕ್ಕಳಿಕೆ ಬಂದ ಹಾಗಿದೆ, ಏನು ಮಾಡುವುದು). ಸಾವ್ಕಾರರ ಕಂಪ್ಯೂಟರೋ ಜೆಪಿಜಿ ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಟ್ಟುಕೊಳ್ಳದು.

“ಬ್ರೌಸರ್‌ನ್ಯಾಗ ಒಂದು ಪೇಜ್ ಐತಿ. ಫೋಟೋ ನಮ್ಮ ಫೋನಿನ್ಯಾಗ ಕುಂತಲ್ಲೇ ಜೆಪಿಜಿ ಆಕ್ಕತಿ. ಹೊರಗ ಹೋಗೂದೇ ಇಲ್ಲ.”

“ನೆಟ್‌ನ್ಯಾಗ ಹಾಕಿದ್ದು ಹೊರಗ ಹೋಗಂಗಿಲ್ಲೇನ್ರಿ? ಯಾರ ಕಿವ್ಯಾಗ ಹೂವು ಇಡಾಕ ಹತ್ತೀರಿ?”

“ನೆಟ್ ಬಂದ್ ಮಾಡೇ ತೋರಸ್ತೀನಿ, ನೋಡ!”

ಪೇಜು ತೆರೆದು ಫೋನನ್ನು ಫ್ಲೈಟ್ ಮೋಡಿಗೆ ಹಾಕಿದ. ಮೇಲಿನ ಮೂಲೆಯಲ್ಲಿ ಪುಟ್ಟ ವಿಮಾನವೊಂದು ಬಂದು ನಿಂತಿತು. ಗುಂಡಿ ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ಹೀಕ್ ಹೋಗಿ ಜೆಪಿಜಿ!

“ಬಂದ್ ಮಾಡಿದ್ದು ಖರೆ ಅಂತ ಹ್ಯಾಂಗ ನಂಬಲಿ? ಹೋದ ಸಲಾನೂ ‘ಅಂಗಡಿಯಾಂವ ನಮ್ಮಾಂವ’ ಅಂದಿದ್ರಿ,” ಎಂದಳು ಶಿವರಂಜನಿ. ಅಷ್ಟರಲ್ಲಿ ಹಾಲು ಉಕ್ಕಿದ ವಾಸನೆ ಬಂದು ಒಳಗೋಡಿದಳು.

ಸಿದ್ದಲಿಂಗೇಶನ ಸ್ವಾಭಿಮಾನವೂ ಉಕ್ಕಿತು. ಸೀದಾ ಕಟ್ಟೆಗೆ ಬಂದು ಸಾಕ್ಷಿಗಳನ್ನು ಕರೆದ. ಪಕ್ಕದ ಮನೆಯ ಲಾಲಬಿ ಹಿಟ್ಟಿನ ಕೈಯಲ್ಲೇ ಬಂದಳು. ಎದುರು ಮನೆಯ ನೇಕಾರ ರಾಮಪ್ಪ ಕರೆಯುವ ಮೊದಲೇ ಬಂದಿದ್ದ.

“ರಾಮಪ್ಪಣ್ಣ, ನೆಟ್ ಐತೇನ ನೋಡ್ರಿ!”

ರಾಮಪ್ಪ ಮೂಗು ತಾಗುವಷ್ಟು ಬಗ್ಗಿದ. “ಇಲ್ಲಪಾ, ವಿಮಾನ ಐತಿ. ಕೆಳಗ ಗುಬ್ಬಿ ಭಾಳ ಚಂದ ಅದಾವ.”

“ಗುಬ್ಬಿ ಬಿಡ್ರಿ, ವಿಮಾನ ನೋಡ್ರಿ! ಸಾಕ್ಷಿಗೆ ಇರ್ಲಿ, ನಿಮ್ಮ ಫೋನಿನ್ಯಾಗ ಇದರದೊಂದು ಫೋಟೋ ಹೊಡೀರಿ.”

“ತಮ್ಮಾ, ರಂಜನಿನ್ನ ಒಂದು ಮಾತು ಕೇಳಬಾರದೇನೋ?” ಎಂದಳು ಲಾಲಬಿ.

“ನಿಮಗ ಇದು ತಿಳಿಯಂಗಿಲ್ಲಕ್ಕಾ. ಹೂಂ, ಅಣ್ಣಾ, ಕೈ ಅಳ್ಳಾಡಸಬ್ಯಾಡ್ರಿ!”

ರಾಮಪ್ಪ ಬಹಳ ನಿಷ್ಠೆಯಿಂದ ಫೋಟೋ ಹೊಡೆದ. (ಅವನದು ಹಳೇ ಫೋನು. ಹುಟ್ಟಾ ಜೆಪಿಜಿ.)

ಸಿದ್ದಲಿಂಗೇಶ ಸಾವ್ಕಾರರಿಗೆ ಮೇಲ್ ಒತ್ತಿ ಎದೆಯುಬ್ಬಿಸಿಕೊಂಡು ಮಲಗಿದ. ಫೋನಿನ ವಿಮಾನವನ್ನು ಇಳಿಸಲಿಲ್ಲ. ಗೆದ್ದ ಬಾವುಟವನ್ನು ಯಾರಾದರೂ ಇಳಿಸುತ್ತಾರೆಯೇ?

ಮರುದಿನ ಸಾವ್ಕಾರರ ಫೋನು ಶಿವರಂಜನಿಗೆ ಬಂತು. ಪಕ್ಕದಲ್ಲಿದ್ದ ಗಂಡನಿಗೂ ಕೇಳುವಷ್ಟು ಗಟ್ಟಿ ದನಿ. “ನಿನ್ನ ಗಂಡನ ಫೋನು ಹತ್ತವಲ್ದವಾ, ಮೇಲೂ ಬಂದಿಲ್ಲ. ರಾಮಪ್ಪ ಗುಬ್ಬಿ ಸೆರಗಿನ ಫೋಟೋ ಕಳಿಸ್ಯಾನ, ಆರ್ಡರ್ ಅವಗ ಕೊಡಾಂವಿದೀನಿ. ಒಂದು ಅನುಮಾನ, ನೀ ತಿಳಿದಾಕಿ ಅಂತ ಕೇಳ್ತೀನಿ. ಮ್ಯಾಲ ಮೂಲ್ಯಾಗ ಸಣ್ಣ ವಿಮಾನ ಐತಿ. ಅದೂ ಡಿಸೈನ್ ಏನು?”

ಶಿವರಂಜನಿ ಫೋನಿಗೆ ಅಂಗೈ ಮುಚ್ಚಿ ನಿಧಾನಕ್ಕೆ ಗಂಡನ ಕಡೆ ತಿರುಗಿದಳು. ಅವನು ಸೆಟೆದು ನಿಂತ.

“ಏನ್ ನೋಡ್ತಿ? ನನ್ನ ಫೋನಿನಿಂದ ಒಂದು ಎಳಿನೂ ಹೊರಗ ಹೋಗಿಲ್ಲ! ಸಾವ್ಕಾರ್ರಿಗೂ ಮುಟ್ಟಿಲ್ಲ! ಇದಕ್ಕಿಂತ ಗುಟ್ಟು ಬೇಕಾ?”

ಶಿವರಂಜನಿ ಫೋನನ್ನು ಮತ್ತೆ ಕಿವಿಗಿಟ್ಟಳು.

“ಹೌದ್ರೀ ಸಾವ್ಕಾರ್ರ, ಡಿಸೈನೇ. ವಿಮಾನ ನಮ್ಮ ಮನಿ ಗುರುತು. ಅದು ಅವರ ಸೆರಗಿಗೆ ಎಲ್ಲಿಂದ ಬಂತಂತ ರಾಮಪ್ಪಣ್ಣಗ ಒಂದು ಮಾತು ಕೇಳ್ರಿ.”

ಸಾವ್ಕಾರರು ಕೇಳಿದರು. ರಾಮಪ್ಪ ತಡವರಿಸಿದ. ಆರ್ಡರ್ ಮನೆಗೆ ಮರಳಿತು, ಒಂದು ಷರತ್ತಿನೊಂದಿಗೆ: ಪ್ರತಿ ಸೆರಗಿನಲ್ಲೂ ಆ ವಿಮಾನ ಇರಲೇಬೇಕು.

ಗುಬ್ಬಿಗಳನ್ನು ಶಿವರಂಜನಿ ನೇಯುತ್ತಾಳೆ. ವಿಮಾನದ ಜವಾಬ್ದಾರಿ ಯಾರದೆಂದು ಹೇಳಬೇಕಿಲ್ಲ.

“ರೀ, ರೆಕ್ಕಿ ಸೊಟ್ಟ ಬಂದೈತಿ. ಬಿಚ್ಚಿ ಮತ್ತ ನೇಯ್ರಿ,” ಎನ್ನುತ್ತಾಳೆ ಅವಳು. “ಹಾಂ, ಸಾಕ್ಷಿಗೆ ಯಾರನ್ನೂ ಕರೀಬ್ಯಾಡ್ರಿ!”