ಪ್ಯಾಸೇಜಿನಲ್ಲಿ ಶಕ್ತಿ ಸಮತೋಲನ

ದೇಶದೇಶಗಳ ಜಗಳದ ಒಳಗುಟ್ಟನ್ನೆಲ್ಲ ಅರೆದು ಕುಡಿದವನು ನಾನು! ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳಿ ಹೇಳಿಯೇ ತಲೆಗೂದಲು ಕಳೆದುಕೊಂಡಿದ್ದೇನೆ. ಇಂಥವನ ಬಾಗಿಲಿಗೇ ಬಂದು ಎದುರುಮನೆಯ ಹಲ್ಲಿನ ಡಾಕ್ಟರು ಗಡಿ ಒತ್ತುವರಿ ಮಾಡಿದರೆ ಸುಮ್ಮನಿರಲಾದೀತೇ? ಒಂದು ಅಂಗುಲವನ್ನೂ ಬಿಟ್ಟುಕೊಡಲಾರೆ ಎಂದು ಅಂದೇ ಶಪಥ ಮಾಡಿದೆ.

ನಮ್ಮದು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿ. ಮೆಟ್ಟಿಲು ಮುಗಿದಲ್ಲಿ, ನಮ್ಮ ಬಾಗಿಲಿಗೂ ಡಾಕ್ಟರ ಬಾಗಿಲಿಗೂ ನಡುವೆ ಒಂದು ಪ್ಯಾಸೇಜು. ಇಬ್ಬರಿಗೂ ಸೇರಿದ್ದು, ಆದ್ದರಿಂದ ಯಾರಿಗೂ ಸೇರದ್ದು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಅಲ್ಲಿ ಡಾಕ್ಟರ ಬೆತ್ತದ ಕುರ್ಚಿ! ಅದೂ ನಮ್ಮ ಗೋಡೆಗೆ ಬೆನ್ನು ಕೊಟ್ಟು, ರಾಜಾರೋಷವಾಗಿ!

"ನೋಡಿದೆಯಾ? ಇವತ್ತು ಕುರ್ಚಿ, ನಾಳೆ ಸೋಫಾ, ನಾಡಿದ್ದು ನಮ್ಮ ಅಡುಗೆಮನೆ!" ಎಂದು ಹೆಂಡತಿಯೆದುರು ಗುಡುಗಿದೆ.

"ಅಯ್ಯೋ, ಆ ಕುರ್ಚಿ ಯಾಕೆ ಅಂದ್ರೆ..."

"ನೀನು ಮಧ್ಯೆ ಬರಬೇಡ! ಗೃಹಖಾತೆ ನಿನ್ನದು, ವಿದೇಶಾಂಗ ನನ್ನದು. ವಾಸ್ತವವಾದ ಅಂತ ಒಂದು ಸಿದ್ಧಾಂತ ಇದೆ ಕಣೇ. ದೇಶಗಳ ಮೇಲೆ ಹೇಳೋರು ಕೇಳೋರು ಯಾರೂ ಇಲ್ಲ. ಅವರವರ ಬಲವೇ ಅವರವರಿಗೆ ಕಾವಲು."

"ಯಾಕಿಲ್ಲ? ಕೆಳಗಡೆ ಓನರ್ ಇದಾರಲ್ಲ."

"ಅವರು ವಿಶ್ವಸಂಸ್ಥೆ ಇದ್ದ ಹಾಗೆ. ಕಳವಳ ವ್ಯಕ್ತಪಡಿಸ್ತಾರೆ, ಅಷ್ಟೇ."

"ಭಾನುವಾರ ಅತ್ತೆ ಬರ್ತಾರೆ, ಅದಾದ್ರೂ ನೆನಪಿದೆಯಾ? ಮಂಡಿ ಆಪರೇಷನ್ ಆದ ಕಾಲಲ್ಲಿ ಮೂರು ಮಹಡಿ ಹತ್ತಬೇಕು."

ಅಮ್ಮ ಆಪರೇಷನ್ ಆದಮೇಲೆ ಅಕ್ಕನ ಮನೆಯಲ್ಲಿದ್ದಳು. ನಿಧಾನವಾಗಿ ಹತ್ತಬಹುದು, ಸುಸ್ತಾದರೆ ಕೂತು ಹತ್ತಬೇಕು ಎಂದಿದ್ದರಂತೆ ಆಸ್ಪತ್ರೆಯವರು.

"ಅಮ್ಮ ಬರೋ ಹೊತ್ತಿಗೆ ಗಡಿ ಭದ್ರವಾಗಿರುತ್ತೆ!" ಎಂದೆ.

"ನಿಮಗೆ ಹೇಳೋ ಬದಲು ಆ ಗೋಡೆಗೆ ಹೇಳಬಹುದು," ಎನ್ನುತ್ತ ಅವಳು ಬ್ಯಾಗು ಹೆಗಲಿಗೇರಿಸಿ ಲೆಕ್ಕದ ಪಾಠ ಹೇಳಲು ತನ್ನ ಶಾಲೆಗೆ ಹೊರಟಳು. ಅಲಿಪ್ತ ರಾಷ್ಟ್ರ!

ನಾನು ಚಪ್ಪಲಿ ಸ್ಟ್ಯಾಂಡು ಹೊರಗಿಟ್ಟು ಕುರ್ಚಿಯನ್ನು ಡಾಕ್ಟರ ಬಾಗಿಲಿಗೆ ದಬ್ಬಿದೆ. ಸಂಜೆಗೆ ಕುರ್ಚಿ ಮತ್ತೆ ಸ್ವಸ್ಥಾನದಲ್ಲಿ! ಮರುದಿನ ತರಗತಿಯಲ್ಲಿ ಭದ್ರತಾ ಸಂದಿಗ್ಧದ ಪಾಠ. "ಒಬ್ಬ ಒಳ್ಳೆಯದಕ್ಕೇ ಇಟ್ಟದ್ದು ಇನ್ನೊಬ್ಬನ ಕಣ್ಣಿಗೆ ದಾಳಿಯಂತೆ ಕಾಣುತ್ತದೆ. ಅವನು ಹೆದರಿ ಇನ್ನಷ್ಟು ಸೇರಿಸುತ್ತಾನೆ. ಹೀಗೇ ಇಬ್ಬರೂ ಕೆಡುತ್ತಾರೆ," ಎಂದು ಮನಮುಟ್ಟುವಂತೆ ವಿವರಿಸಿ, ಚಪ್ಪಾಳೆ ಗಿಟ್ಟಿಸಿ, ಮನೆಗೆ ಬಂದವನೇ ಪುಸ್ತಕ ತುಂಬಿದ ಕಬ್ಬಿಣದ ಟ್ರಂಕನ್ನು ಎಳೆದು ತಂದು, ಕುರ್ಚಿಯನ್ನು ಪಕ್ಕಕ್ಕೆ ದಬ್ಬಿ, ಅದರ ಜಾಗದಲ್ಲೇ ಕೂರಿಸಿದೆ!

ಡಾಕ್ಟರು ಬಾಗಿಲಲ್ಲಿ ಇಣುಕಿದರು. "ಸಾರ್, ಒಂದು ಮಾತು..."

"ಮೊದಲು ಸೇನೆ ಹಿಂದಕ್ಕೆ ಕರೆಸಿಕೊಳ್ಳಿ. ಮಾತುಕತೆ ಆಮೇಲೆ!"

ಪಾಪ, ಬೆತ್ತದ ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಶತ್ರು ಶರಣಾಗತ! ಎದೆಯುಬ್ಬಿಸಿ ಮಲಗಿದೆ.

ಶನಿವಾರ ಇಬ್ಬರು ಆಳುಗಳು ಏದುಸಿರು ಬಿಡುತ್ತ ಅದನ್ನು ಹೊತ್ತು ತಂದರು. ರೋಗಿಯನ್ನು ಒರಗಿಸಿ ಹಲ್ಲು ಕೀಳುವ ಕುರ್ಚಿ! ಕ್ಲಿನಿಕ್ಕಿನ ಹಳೆಯದು. ಪ್ಯಾಸೇಜಿನ ಉಳಿದರ್ಧದಲ್ಲಿ ಪ್ರತಿಷ್ಠಾಪನೆಯಾಯಿತು. ತಳ್ಳಿದೆ, ಜಗ್ಗಿದೆ, ಬೆನ್ನು ಕೊಟ್ಟು ನೂಕಿದೆ. ಊಹೂಂ! ಅಣ್ವಸ್ತ್ರಕ್ಕೆ ದಿಗ್ಬಂಧನವೇ ಮದ್ದು ಎಂದುಕೊಂಡು ಟ್ರಂಕು, ಸ್ಟ್ಯಾಂಡು, ಮುರಿದ ಮೇಜು ಎಲ್ಲವನ್ನೂ ಅದರ ಸುತ್ತ ಒತ್ತಿ ಕೋಟೆ ಕಟ್ಟಿದೆ. ಯಾವ ನರಪಿಳ್ಳೆಯೂ ಅದರಲ್ಲಿ ಕೂರುವಂತಿರಲಿಲ್ಲ.

ಭಾನುವಾರ ಅಮ್ಮ ಬಂದಳು. ಹೆಂಡತಿಯ ತೋಳು ಹಿಡಿದು ಕೊನೆಯ ಮೆಟ್ಟಿಲವರೆಗೆ ಹೇಗೋ ಹತ್ತಿದಳು. ಮುಖವೆಲ್ಲ ಬೆವರು, ಕಾಲು ಗಡಗಡ.

"ಆಗಲ್ಲ ಕಣೋ. ಒಂದು ಗಳಿಗೆ ಕೂರಬೇಕು."

ಕೂರಲು ಕುರ್ಚಿ ಕಣ್ಣೆದುರಿಗೇ ಇತ್ತು, ನನ್ನ ಕೋಟೆಯೊಳಗೆ! ಒಳಗೆ ಕರೆದೊಯ್ಯೋಣವೆಂದರೆ ನಮ್ಮ ಬಾಗಿಲಿಗೂ ಅಡ್ಡ ನಿಂತ ಸಾಮಾನಿನ ಸಂದಿಯಲ್ಲಿ ಸೊಂಟ ಓರೆ ಮಾಡಿ ತೂರಬೇಕು. ಅಮ್ಮನ ಕೈ ಕಂಬಿಯಿಂದ ಜಾರುವುದನ್ನು ಕಂಡು ನನ್ನ ಜೀವ ಬಾಯಿಗೆ ಬಂತು. ಟ್ರಂಕು ಎಳೆದರೆ ಸ್ಟ್ಯಾಂಡು ಉರುಳಿ ಚಪ್ಪಲಿಗಳೆಲ್ಲ ಧಡಧಡ ಮೆಟ್ಟಿಲಿಳಿದವು. ಸದ್ದಿಗೆ ಡಾಕ್ಟರು ಓಡಿ ಬಂದು, ಮೇಜು ಹಾರಿ, ನನ್ನೊಂದಿಗೆ ಟ್ರಂಕಿಗೆ ಕೈಹಾಕಿ ದಾರಿ ಬಿಡಿಸಿದರು. ಕಾಲಲ್ಲಿ ಅದೇನೋ ಒತ್ತಿದರು, ಕುರ್ಚಿ ಮೆಲ್ಲಗೆ ತಗ್ಗಿತು. ಅಮ್ಮ ಒರಗಿ ಕಾಲು ಚಾಚಿ "ಅಬ್ಬಾ!" ಎಂದಳು.

"ಅಮ್ಮ ಬಂದಾಗ ಕೂರೋಕೆ ಕುರ್ಚಿ ಇರುತ್ತೆ ಅಂತ ಮೇಡಂಗೆ ಮಾತು ಕೊಟ್ಟಿದ್ದೆ ಸಾರ್," ಎಂದರು ಡಾಕ್ಟರು ಬೆವರೊರೆಸಿಕೊಂಡು. "ಬೆತ್ತದ್ದನ್ನ ನೀವು ತಳ್ತಾನೇ ಇದ್ರಿ. ಅದಕ್ಕೇ ಯಾರೂ ಅಲ್ಲಾಡಿಸೋಕಾಗದ್ದನ್ನ ತರಿಸಿದೆ."

"ಮೊದಲನೇ ದಿನವೇ ಹೇಳೋಕೆ ಬಂದೆ," ಎಂದಳು ಹೆಂಡತಿ. "ವಿದೇಶಾಂಗದವರು ಬಾಯಿ ಮುಚ್ಚಿಸಿದ್ರು."

ನಾನು ತಲೆ ತಗ್ಗಿಸಿ ಮೆಟ್ಟಿಲ ಮೇಲೆ ಚೆಲ್ಲಿದ್ದ ಚಪ್ಪಲಿಗಳನ್ನು ಹೆಕ್ಕತೊಡಗಿದೆ. ಅಷ್ಟರಲ್ಲಿ ಅಮ್ಮನಿಗೆ ಉಸಿರು ಬಂದಿತ್ತು. ಉಸಿರಿನ ಜೊತೆ ಹೆಮ್ಮೆಯೂ!

"ಡಾಕ್ಟ್ರೇ, ನನ್ನ ಮಗ ಅಂದ್ರೆ ಏನಂದ್ಕೊಂಡಿದೀರಿ? ಅಕ್ಕಪಕ್ಕದ ದೇಶಗಳು ಜಗಳ ಇಲ್ಲದೆ ಹೇಗೆ ಬಾಳಬೇಕು ಅಂತ ಕಾಲೇಜಲ್ಲಿ ಹೇಳಿಕೊಡ್ತಾನೆ! ನಿಮಗೂ ನೆರೆಹೊರೆಯವರಿಂದ ಏನಾದ್ರೂ ತೊಂದ್ರೆ ಇದ್ರೆ, ಸಂಕೋಚ ಬೇಡ, ಇವನನ್ನೇ ಕೇಳಿ!"

ಎರಡೂ ಕೈತುಂಬ ಚಪ್ಪಲಿ ಹಿಡಿದು ನಿಂತಿದ್ದೆ. ಊರಿಗೆಲ್ಲ "ಬಾಯಿ ಬಿಡಿ" ಎನ್ನುವ ಡಾಕ್ಟರು ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು. ತಾವು ಮಾತ್ರ ಬಾಯಿ ಬಿಡಲಿಲ್ಲ. ನನಗೆ ಈ ಜನ್ಮದಲ್ಲಿ ಸಿಕ್ಕ ಮೊದಲ ವಿದೇಶಿ ನೆರವು ಅದು!