ಮಕಾವಿನಲ್ಲಿ ಮುಟ್ಟದ ಕೈ

ಸಿತೋ ಕಾಮ್‌ಚೂನ್ ಆ ಬೆಳಿಗ್ಗೆ ಮೂರನೆಯ ಲೋಟ ಚಹಾ ಕುಡಿಯದೆ ಇದ್ದಿದ್ದರೆ ಅವನ ದಿನ ಬೇರೆಯೇ ಆಗುತ್ತಿತ್ತು. ಆದರೆ ಚೀನಾದ ಕೈಪಿಂಗ್‌ನಿಂದ ಮಕಾವಿಗೆ ಹೊರಡಬೇಕಿದ್ದ ಬಸ್ಸು ಅರ್ಧ ಗಂಟೆ ತಡವಾಯಿತು, ಚಹಾದಂಗಡಿ ಎದುರಿಗೇ ಇತ್ತು, ಪಕ್ಕದಲ್ಲಿ ಕೂತಿದ್ದ ಪೂನ್ ಅವನ ಲೋಟ ಬರಿದಾಗಲು ಬಿಡಲಿಲ್ಲ. ಅರವತ್ತಮೂರರ ಮೂತ್ರಕೋಶಕ್ಕೆ ಮೂರು ಲೋಟ ಚಹಾ ಎಂದರೆ ಏನೆಂದು ಆ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಸ್ಸಿನಲ್ಲಿದ್ದವರೆಲ್ಲ ನಮ್ಮ ಓಣಿಯ ನಿವೃತ್ತರು. ಪೂನ್ ನಲವತ್ತು ವರ್ಷ ಹಂದಿ ಮಾಂಸ ಕಡಿದು ಮಾರಿದವನು. ಫೋಕ್ ಅಕ್ಕ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು, ಈಗಲೂ ಯಾರು ಎಲ್ಲಿ ಹತ್ತಿದರು ಎಲ್ಲಿ ಇಳಿದರು ಎಂಬುದು ಅವಳ ಕಣ್ಣು ತಪ್ಪುತ್ತಿರಲಿಲ್ಲ. ಸಿತೋ ಸಿನಿಮಾ ಮಂದಿರದ ಮೆಟ್ಟಿಲ ಕೆಳಗೆ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದವನು. ಮಾತು ಕಡಿಮೆ. ಒಂದು ಕಾಲದಲ್ಲಿ ಹಣ ಕಟ್ಟಿ ಮಾಜಾಂಗ್ ಎಂಬ ಬಿಲ್ಲೆಯಾಟ ಆಡುತ್ತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಆ ಮೇಜಿನ ಮೇಲೆ ಹೆಂಡತಿ ಲಾಯ್‌ಹಾಳ ಹೊಲಿಗೆ ಯಂತ್ರವನ್ನು ಕಳೆದ. ಅವಳು ಮಗಳನ್ನು ಕರೆದುಕೊಂಡು ಅಣ್ಣನ ಮನೆ ಸೇರಿ ಮೂರು ತಿಂಗಳು ತಿರುಗಿ ನೋಡಲಿಲ್ಲ. ಅಂದಿನಿಂದ ಸಿತೋ ಆಟದ ಬಿಲ್ಲೆ ಮುಟ್ಟಿಲ್ಲ. ಹೊಸ ವರ್ಷಕ್ಕೆ ಮನೆಮಂದಿಯೆಲ್ಲ ಆಡಲು ಕೂತರೆ ಅವನೊಬ್ಬ ಮೂಲೆಯಲ್ಲಿ ಚಕ್ಕೋತ ಸುಲಿಯುತ್ತ ಕೂರುತ್ತಾನೆ. ಬಿಲ್ಲೆಗಳ ಸದ್ದು ಜೋರಾದಷ್ಟೂ ಸಿಪ್ಪೆ ತೆಳ್ಳಗೆ ಬರುತ್ತದೆ.

ಅಂಥವನು ಜೂಜಿಗೆ ಹೆಸರಾದ ಮಕಾವಿಗೆ ಹೊರಟದ್ದು ತಾಯಿಗಾಗಿ. ಅವನ ತಾಯಿ ಹತ್ತು ವರ್ಷದ ಹುಡುಗಿಯಾಗಿದ್ದಾಗ ಅಲ್ಲಿಯ ತೈಪಾ ದ್ವೀಪದ ಪಟಾಕಿ ಕಾರ್ಖಾನೆಗೆ ಸೇರಿ ಏಳು ವರ್ಷ ಪಟಾಕಿ ಸುತ್ತಿದ್ದಳು. ಸಾಯುವವರೆಗೂ ಮನೆಯಲ್ಲಿ ಒಂದು ಪಟಾಕಿ ಹಚ್ಚಗೊಡಲಿಲ್ಲ. ಆ ದಿನಗಳ ಬಗ್ಗೆ ಅವಳು ಹೇಳಿದ್ದು ಒಂದೇ ಮಾತು, ಅಲ್ಲೊಂದು ಕೊಳವಿತ್ತು, ಮಧ್ಯಾಹ್ನ ಅದರ ಪಕ್ಕ ಕೂತು ಊಟ ಮಾಡುತ್ತಿದ್ದೆವು ಎಂದು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿ, ಈಗ ಜನ ಹೋಗಿ ನೋಡಲು ತೆರೆದಿದ್ದಾರೆ ಎಂದು ಸಿತೋ ಪತ್ರಿಕೆಯಲ್ಲಿ ಓದಿದ್ದ. ಆ ಕೊಳವನ್ನು ಒಮ್ಮೆ ನೋಡಬೇಕೆಂದು ಅವನಿಗೆ ಆಸೆ. ಮಂಡಿನೋವಿನ ಲಾಯ್‌ಹಾ ತಾನು ಬರಲಾರೆ ಎಂದಳು. ಹೊರಡುವಾಗ ಬಾಗಿಲವರೆಗೆ ಬಂದು, "ನಿಮ್ಮಮ್ಮ ಕೂತಿದ್ದ ಜಾಗ ನೋಡ್ಕೊಂಡು ಬಾ. ಬಾದಾಮಿ ಬಿಸ್ಕತ್ತು ತಾ. ಬೇರೇನೂ ಮುಟ್ಬೇಡ," ಎಂದಳು.

ಗಡಿ ದಾಟಿ ಹೊರಬಂದಾಗ ಒಂಬತ್ತೂವರೆ. ಮೂರು ಗಂಟೆಗೆ ಇದೇ ದ್ವಾರಕ್ಕೆ ವಾಪಸು ಬರಬೇಕೆಂದು ಮಾತಾಯಿತು. ಎದುರಿಗೆ ಕ್ಯಾಸಿನೊಗಳ ಪುಕ್ಕಟೆ ಬಸ್ಸುಗಳು ಮದುವೆ ಮನೆಯ ಬಾಗಿಲಲ್ಲಿ ನಿಂತ ಹೆಣ್ಣಿನ ಕಡೆಯವರಂತೆ ಬನ್ನಿ ಬನ್ನಿ ಎನ್ನುತ್ತಿದ್ದವು. ಸಿತೋ ಅವುಗಳ ಕಡೆ ನೋಡದೆ ಸಿಟಿ ಬಸ್ಸಿನ ಸಾಲಿನಲ್ಲಿ ನಿಂತ. ಸಾಲು ಉದ್ದವಿತ್ತು. ಮೂರು ಲೋಟ ಚಹಾ ಒಟ್ಟಿಗೇ ಕೆಳಗಿಳಿದಿತ್ತು.

ಅವನ ಕಾಲು ಒಂದರ ಮೇಲೊಂದು ಸುತ್ತಿಕೊಳ್ಳುತ್ತಿದ್ದುದನ್ನು ಪೂನ್ ಗಮನಿಸಿದ. "ಈ ಸಾಲಲ್ಲಿ ನಿಂತ್ರೆ ಇಲ್ಲೇ ಕೆರೆ ಆಗುತ್ತೆ ಕಣೋ. ಪುಕ್ಕಟೆ ಬಸ್ಸೂ ತೈಪಾಗೇ ಹೋಗೋದು. ಶೌಚಕ್ಕೆ ಹೋಗಿ ಬಾ, ಅಲ್ಲಿಂದ ಕಾರ್ಖಾನೆಗೆ ಕಾಲು ಗಂಟೆ ನಡೆದ್ರಾಯ್ತು," ಎಂದ. ಸಿತೋಗೆ ವಾದ ಮಾಡುವಷ್ಟು ಬಿಡುವಿರಲಿಲ್ಲ. ಹತ್ತಿದ. ಗುಡಿಗೆ ಹೋಗುತ್ತೇನೆ ಎಂದಿದ್ದ ಫೋಕ್ ಅಕ್ಕ ಕೂಡ ಯಾಕೋ ಅವರ ಹಿಂದೆಯೇ ಹತ್ತಿ ಕೂತಳು.

ಆ ಕ್ಯಾಸಿನೊದಲ್ಲಿ ಶೌಚಾಲಯವಿದ್ದದ್ದು ಆಟದ ಹಜಾರದ ಆಚೆ ತುದಿಯಲ್ಲಿ. ಸಿತೋ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಪೊಲೀಸರು ಕರೆದೊಯ್ಯುತ್ತಿರುವವನಂತೆ ಮೇಜುಗಳ ನಡುವೆ ನಡೆದ. ಹೋಗುವುದೇನೋ ಹೋದ, ಹೊರಬರುವ ದಾರಿ ಸಿಗಲಿಲ್ಲ. ಕಿಟಕಿಯಿಲ್ಲ. ಇನ್ನೂ ವಿಚಿತ್ರವೆಂದರೆ, ಅಷ್ಟು ದೊಡ್ಡ ಕಟ್ಟಡದಲ್ಲಿ ಒಂದೇ ಒಂದು ಗಡಿಯಾರವಿರಲಿಲ್ಲ. ಕಣ್ಣಿಲ್ಲದ ಮುಖ ಕಂಡಂತಾಗಿ ಅವನಿಗೆ ಮೈ ಜುಮ್ಮೆಂದಿತು. ತಿರುಗಿ ತಿರುಗಿ ಮೂರು ಸಲ ಅದೇ ಚಿನ್ನದ ಬಣ್ಣದ ಕಂಬದ ಹತ್ತಿರ ಬಂದ. ಮೂರು ಸಲವೂ ಅಲ್ಲಿಯ ದಾಳದ ಮೇಜಿನಿಂದ ಪೂನ್ ಕೈಬೀಸಿದ.

ಮೊದಲ ಸಲ ಪೂನ್ ಕೇಳಿದ್ದು, ಸುಮ್ಮನೆ ಪಕ್ಕದಲ್ಲಿ ನಿಂತುಕೋ ಎಂದು. ಎರಡನೆಯ ಸಲ, ನನ್ನ ಪರವಾಗಿ ಒಂದು ಬಿಲ್ಲೆ ಇಡು ಎಂದ. ಮೂರನೆಯ ಸಲ, ಹೋಗಲಿ, ಬಾಯಲ್ಲಿ ಒಂದು ಸಂಖ್ಯೆಯನ್ನಾದರೂ ಹೇಳು ಎಂದ. ಸಂಖ್ಯೆ ಹೇಳಿದರೂ ಆಡಿದಂತೆಯೇ ಎಂದು ಸಿತೋ ಗಂಭೀರವಾಗಿ ಉತ್ತರ ಕೊಟ್ಟ. ಅಷ್ಟರಲ್ಲಿ ಹೂಕುಂಡದ ಹಿಂದಿನಿಂದ ಫೋಕ್ ಅಕ್ಕ ಬಂದು ಅವನ ಮೊಣಕೈ ಹಿಡಿದಳು. ಟಿಕೆಟ್ಟಿಲ್ಲದ ಪ್ರಯಾಣಿಕರನ್ನು ಅವಳು ಹಿಡಿಯುತ್ತಿದ್ದುದು ಹಾಗೆಯೇ. ಬೈಯಲಿಲ್ಲ. "ನಡಿ ಸಿತೋ ಅಣ್ಣ, ನಾನು ಬಾಗಿಲು ತೋರಿಸ್ತೀನಿ," ಎಂದಳು. ಓಣಿಯಲ್ಲಿ ಎರಡು ವರ್ಷದಿಂದ ಅವನ ಜೊತೆ ಸರಿಯಾಗಿ ಮಾತಾಡದಿದ್ದ ಹೆಂಗಸು ಅವಳು. ಸಿತೋಗೆ ಹೃದಯ ತುಂಬಿ ಬಂತು.

ಬಾಗಿಲ ಹತ್ತಿರ ಮೊದಲ ಸಲ ಬಂದವರಿಗೆಂದು ಒಂದು ದೊಡ್ಡ ಬಣ್ಣದ ಚಕ್ರ ನಿಲ್ಲಿಸಿದ್ದರು. ಒಮ್ಮೆ ತಿರುಗಿಸಬಹುದು, ಬಂದದ್ದು ನಿಮ್ಮದು. ಸಿತೋ ಅದರಿಂದ ಆದಷ್ಟು ದೂರ ಸರಿದು ನಡೆದ. ಎದುರಿನಿಂದ ಪ್ರವಾಸಿಗರ ದೊಡ್ಡ ಗುಂಪೊಂದು ನುಗ್ಗಿತು. ಅವನು ಹಿಂದೆ ಸರಿದ, ಹೆಗಲ ಚೀಲದ ಪಟ್ಟಿ ಚಕ್ರದ ಗೂಟಕ್ಕೆ ಸಿಕ್ಕಿಕೊಂಡಿತು, ಬಿಡಿಸಿಕೊಳ್ಳಲೆಂದು ಮೈ ಕೊಸರಿದ. ಚಕ್ರ ತಿರುಗಿತು. ತಿರುಗಿ ತಿರುಗಿ ಅನ್ನ ಮಾಡುವ ವಿದ್ಯುತ್ ಕುಕ್ಕರಿನ ಚಿತ್ರದ ಮೇಲೆ ನಿಂತಿತು.

ಸಮವಸ್ತ್ರದ ಹೆಂಗಸು ಚಪ್ಪಾಳೆ ತಟ್ಟಿ, ಒಂದು ದೊಡ್ಡ ಪೆಟ್ಟಿಗೆ ತಂದು ಅವನ ಕೈಗಿಟ್ಟಳು. ಬೇಡ ಎಂದು ಸಿತೋ ಹಿಂದಕ್ಕೆ ಚಾಚಿದ. ಕೊಟ್ಟದ್ದನ್ನು ಹಿಂತೆಗೆದುಕೊಳ್ಳುವ ಅಧಿಕಾರ ತನಗಿಲ್ಲ ಎಂದಳು ಆಕೆ. ಅಷ್ಟರಲ್ಲಿ ಪೂನ್ ದಾಳದ ಮೇಜು ಬಿಟ್ಟು ಓಡಿಬಂದ.

"ಆಡಿದ. ನಾನು ಕಣ್ಣಾರೆ ನೋಡಿದೆ," ಎಂದ ಪೂನ್.

"ಆಡಿದ್ದು ಅವನಲ್ಲ, ಅವನ ಚೀಲ," ಎಂದಳು ಫೋಕ್ ಅಕ್ಕ.

"ಚೀಲ ಯಾರದು?"

"ನಿನ್ನ ಅಂಗಿ ಬೇಲಿಗೆ ಸಿಕ್ಕಿ ಹರಿದ್ರೆ ಬೇಲಿ ಹಾರಿದ್ದು ನೀನಾ?"

ಇಬ್ಬರೂ ಆಸ್ತಿ ವ್ಯಾಜ್ಯಕ್ಕಿಳಿದ ದಾಯಾದಿಗಳಂತೆ ಹೋರಾಡಿದರು. ಪೂನ್ ಗೂಟದ ಎತ್ತರವನ್ನೂ ಸಿತೋನ ಹೆಗಲನ್ನೂ ಗೇಣಿನಿಂದ ಅಳೆದ. ಕಾವಲುಗಾರರು ಬಂದು ನಿಂತರು. ತನ್ನ ಮರ್ಯಾದೆಯ ಬಗ್ಗೆ ಈ ಇಬ್ಬರಿಗೆ ಇಷ್ಟೊಂದು ಕಾಳಜಿ ಯಾಕೆಂದು ಸಿತೋಗೆ ತಿಳಿಯಲಿಲ್ಲ. ಕೊನೆಗೆ ಪೂನ್, ಇದನ್ನು ಲಾಯ್‌ಹಾಳೇ ತೀರ್ಮಾನಿಸಲಿ ಎಂದು ಅವಳಿಗೆ ವಿಡಿಯೊ ಕರೆ ಮಾಡಿಬಿಟ್ಟ.

ಫೋನಿನ ಪರದೆಯಲ್ಲಿ ಹೆಂಡತಿಯ ಮುಖ ಕಂಡಾಗ ಸಿತೋ ಪೆಟ್ಟಿಗೆಯನ್ನು ಮರೆಮಾಡಲು ನೋಡಿದ. ಹಿಂದೆ ದೀಪಗಳು, ಮೇಜುಗಳು, ಎಲ್ಲವೂ ಅವಳಿಗೆ ಕಾಣುತ್ತಿದ್ದವು. ಅವಳು ಕೂಗಾಡಲಿಲ್ಲ. ಮೊದಲು ಪೂನನ ಮಾತು ಕೇಳಿದಳು, ಆಮೇಲೆ ಫೋಕ್ ಅಕ್ಕನದು. ಆಮೇಲೆ ಸಿತೋನನ್ನು ನೋಡಿದಳು.

"ಕೈ ತಾಗಿತಾ?"

"ಇಲ್ಲ."

"ಚಕ್ರ ತಿರುಗ್ತಾ ಇದ್ದಾಗ ಎಲ್ಲಿ ನಿಲ್ಲುತ್ತೆ ಅಂತ ನೋಡಿದೆಯಾ?"

ಸಿತೋ ಸತ್ಯವನ್ನೇ ಹೇಳಿದ. "ಕಣ್ಣು ಮುಚ್ಕೊಂಡಿದ್ದೆ."

ಏನನ್ನೋ ತೂಗುತ್ತಿರುವಂತೆ ಲಾಯ್‌ಹಾಳ ಹುಬ್ಬು ಮೇಲೆ ಕೆಳಗೆ ಆಡಿತು. ಕೊನೆಗೆ, "ಚೀಲದ ಪಟ್ಟಿಗೆ ಆಸೆ ಇರಲ್ಲ. ಅದು ಲೆಕ್ಕಕ್ಕಿಲ್ಲ," ಎಂದು ಫೋನ್ ಇಟ್ಟುಬಿಟ್ಟಳು. ಫೋಕ್ ಅಕ್ಕ ಪೂನನ ಕಡೆ ನೋಡಿ ನಕ್ಕಳು. ಅವರು ಮತ್ತೆ ಜಗಳಕ್ಕೆ ನಿಂತ ಹೊತ್ತಿನಲ್ಲಿ ಸಿತೋ ಪೆಟ್ಟಿಗೆ ಹೊತ್ತುಕೊಂಡು ಜಾರಿದ.

ಬಿಸಿಲಿನಲ್ಲಿ ಹಳೆಯ ಊರಿನ ಓಣಿಗಳಲ್ಲಿ ದಾರಿ ಕೇಳುತ್ತ, ಎದೆಗೆ ಕುಕ್ಕರ್ ಅವಚಿಕೊಂಡು ನಡೆದ. ಪೆಟ್ಟಿಗೆಯ ಮೇಲೆ ಕ್ಯಾಸಿನೊದ ಹೆಸರು ಅಂಗೈ ಅಗಲದ ಅಕ್ಷರದಲ್ಲಿತ್ತು. ಬಿಸ್ಕತ್ತಿನ ಅಂಗಡಿಯವನು ಅದನ್ನು ನೋಡಿ, ಬೆಳಗ್ಗೆಯೇ ಅದೃಷ್ಟ ಖುಲಾಯಿಸಿತು ಎಂದ. ಸಿತೋ ಎರಡು ಡಬ್ಬಿ ಬಾದಾಮಿ ಬಿಸ್ಕತ್ತು ಕೊಂಡು ಮುಂದೆ ಹೋದ.

ಕಾರ್ಖಾನೆಯಲ್ಲಿ ಜನವೇ ಇರಲಿಲ್ಲ. ತಗ್ಗಾದ ಕೊಠಡಿಗಳು, ಒಂದು ಹೊತ್ತಿಕೊಂಡರೆ ಇನ್ನೊಂದಕ್ಕೆ ಬೆಂಕಿ ತಾಗಬಾರದೆಂದು ನಡುವೆ ಎತ್ತಿದ ದಪ್ಪ ಗೋಡೆಗಳು, ಗೋಡೆಗಳನ್ನು ಅಪ್ಪಿ ಬೆಳೆದ ಮರದ ಬೇರುಗಳು. ಅವುಗಳ ಆಚೆ ಕೊಳ. ಅವನು ಅಂದುಕೊಂಡದ್ದಕ್ಕಿಂತ ಚಿಕ್ಕದು. ನೀರು ಹಸಿರಾಗಿತ್ತು. ದಂಡೆಯಲ್ಲಿ ಒಬ್ಬ ಮುದುಕಿ ಬೀಸಣಿಗೆ ಹಿಡಿದು ಕೂತಿದ್ದಳು. ಮನೆ ಹತ್ತಿರವೇ, ಸೆಕೆಯಾದಾಗ ಇಲ್ಲಿ ಬಂದು ಕೂರುತ್ತೇನೆ, ಎಂಟು ವರ್ಷದವಳಿದ್ದಾಗಿನಿಂದ ಇಲ್ಲೇ ಕೆಲಸ ಮಾಡಿದವಳು ನಾನು ಎಂದಳು. ಸಿತೋ ಪೆಟ್ಟಿಗೆ ಕೆಳಗಿಟ್ಟು ತಾಯಿಯ ಹೆಸರು ಹೇಳಿದ.

"ಹೆಸರು ಯಾರಿಗೆ ನೆನಪಿರುತ್ತೆ ಮಗಾ. ಕೆಮ್ಮೋಳು, ಕುಳ್ಳಿ, ಹಾಡೋಳು ಅಂತ ಕರೀತಿದ್ವಿ. ನಿಮ್ಮಮ್ಮ ಹೇಗಿದ್ಳು?"

ಸಿತೋ ಯೋಚಿಸಿದ. ಹತ್ತು ವರ್ಷದ ತಾಯಿಯನ್ನು ಅವನು ಕಂಡಿರಲಿಲ್ಲ. "ಎಡಗೈಯವಳು," ಎಂದ.

"ಎಡಗೈಯವರು ಮೂವರಿದ್ರು," ಎಂದಳು ಮುದುಕಿ. "ಮೂವರೂ ಒಳ್ಳೆಯವರೇ."

ಆಮೇಲೆ ಅವಳು ಬಿಸ್ಕತ್ತಿನ ಡಬ್ಬಿಗೆ ಸುತ್ತಿದ್ದ ಕಾಗದ ಕಿತ್ತು, ತೊಡೆಯ ಮೇಲಿಟ್ಟು, ಅಂಗೈಯಿಂದ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಉರುಳಿಸಿ, ಕೊನೆಯಲ್ಲಿ ಹೆಬ್ಬೆರಳಿನಿಂದ ಒತ್ತಿ, ಪಟಾಕಿ ಸುತ್ತುವುದು ಹೇಗೆಂದು ತೋರಿಸಿದಳು. ಸಿತೋ ಆ ಕೈಯನ್ನೇ ನೋಡಿದ. ಕೊನೆಯ ದಿನಗಳಲ್ಲಿ, ಯಾರ ಗುರುತೂ ಹತ್ತದೆ ಮಲಗಿದ್ದಾಗ, ಅವನ ತಾಯಿ ಹೊದಿಕೆಯ ಅಂಚನ್ನು ಹೀಗೇ ಸುತ್ತುತ್ತಿದ್ದಳು. ಸುತ್ತಿ, ಹೆಬ್ಬೆರಳಿನಿಂದ ಒತ್ತಿ, ಪಕ್ಕಕ್ಕಿಡುತ್ತಿದ್ದಳು. ಅದು ನಡುಕ ಎಂದು ವೈದ್ಯರು ಹೇಳಿದ್ದರು. ಅವನೂ ನಂಬಿದ್ದ.

ಅವನು ಕೊಳದ ಪಕ್ಕ ಕೂತುಬಿಟ್ಟ. ಎಷ್ಟು ಹೊತ್ತೆಂದು ಗಡಿಯಾರದವನಿಗೂ ತಿಳಿಯಲಿಲ್ಲ. ಏದುಸಿರು ಬಿಡುತ್ತ ಫೋಕ್ ಅಕ್ಕ ಮತ್ತು ಪೂನ್ ಅವನನ್ನು ಹುಡುಕಿಕೊಂಡು ಬಂದಾಗ ಅವನ ಕೆನ್ನೆ ಒದ್ದೆಯಾಗಿತ್ತು. ಇಬ್ಬರೂ ಅವನ ಆಚೆಗೊಬ್ಬರು ಈಚೆಗೊಬ್ಬರು ಕೂತರು. ಹೊರಡುವಾಗ ಸಿತೋ ಕುಕ್ಕರನ್ನು ಮುದುಕಿಗೆ ಕೊಟ್ಟ. ತನ್ನದು ಹಿಂದಿನ ವಾರವಷ್ಟೇ ಕೆಟ್ಟಿತೆಂದು ಹೇಳಿ ಅವಳು ಎರಡನೆಯ ಮಾತಿಲ್ಲದೆ ತೆಗೆದುಕೊಂಡಳು.

ಬಸ್ಸು ಓಣಿ ಮುಟ್ಟಿದಾಗ ಇನ್ನೂ ಬೆಳಕಿತ್ತು. ಓಣಿಯ ಬಾಯಲ್ಲಿ ಲಾಯ್‌ಹಾ ನಿಂತಿದ್ದಳು, ಮಂಡಿನೋವನ್ನು ಲೆಕ್ಕಿಸದೆ. ಅವಳ ಕಂಕುಳಲ್ಲಿ ಮಾಳಿಗೆಯ ಮೇಲೆ ಸಾಕಿದ್ದ ಎರಡು ಹೆಬ್ಬಾತುಗಳಲ್ಲಿ ದೊಡ್ಡದು ಕತ್ತು ಚಾಚಿ ಕೂತಿತ್ತು. ಚಳಿಗಾಲದ ಹಬ್ಬಕ್ಕೆಂದು ಬೆಳೆಸಿದ ಹಕ್ಕಿ. ತನ್ನ ಗಂಡ ಅಷ್ಟು ದೀಪಗಳ ನಡುವೆ ಹೋಗಿ ಕೈ ಶುದ್ಧವಾಗಿ ಬಂದನೆಂದು ಅದನ್ನು ಇಂದೇ ಅಡುಗೆ ಮಾಡಲು ಹೊರಟಿದ್ದಾಳೆ ಎಂದುಕೊಂಡ ಸಿತೋ. ಬಿಸ್ಕತ್ತಿನ ಡಬ್ಬಿ ಪಕ್ಕಕ್ಕಿಟ್ಟು ಎರಡೂ ಕೈ ಚಾಚಿದ.

ಲಾಯ್‌ಹಾ ಅವನನ್ನು ದಾಟಿ ಹೋಗಿ ಹೆಬ್ಬಾತನ್ನು ಫೋಕ್ ಅಕ್ಕನ ತೋಳಿಗೆ ಹಾಕಿದಳು.

"ತಗೋ. ದೊಡ್ಡದನ್ನೇ ತಂದಿದೀನಿ."

ಫೋಕ್ ಅಕ್ಕ ಅದರ ಎದೆ ಒತ್ತಿ ನೋಡಿ ತಲೆದೂಗಿದಳು. ಏನಿದೆಂದು ಸಿತೋ ಕೇಳಿದಾಗ ಪೂನ್ ನೆಲ ನೋಡುತ್ತ ಹೇಳಿದ. ಬೆಳಿಗ್ಗೆ ಬಸ್ಸು ಹೊರಟೊಡನೆ ಪಿಸುಮಾತಿನಲ್ಲಿ ಅವನೇ ಶುರುಮಾಡಿದ ಬಾಜಿ ಅದು, ಸಿತೋ ಜೂಜು ಮುಟ್ಟುತ್ತಾನೋ ಇಲ್ಲವೋ ಎಂದು. ಬಸ್ಸಿನಲ್ಲಿ ಬಾಜಿ ಕಟ್ಟದೆ ಉಳಿದವರು ಸಿತೋ ಮತ್ತು ಚಾಲಕ ಇಬ್ಬರೇ, ಚಾಲಕನೂ ಗಡಿಯ ಹತ್ತಿರ ಸೇರಿಕೊಂಡ. ಮುಟ್ಟುವುದಿಲ್ಲ ಎಂಬ ಕಡೆಗೆ ಫೋಕ್ ಅಕ್ಕ. ಮುಟ್ಟುತ್ತಾನೆ ಎಂಬ ಕಡೆಗೆ ಪೂನ್, ಮತ್ತು ಫೋನಿನಲ್ಲಿ ಲಾಯ್‌ಹಾ. ಅವಳಿಗೂ ಫೋಕ್ ಅಕ್ಕನಿಗೂ ನಡುವಿನ ಪಣ ಒಂದು ಹೆಬ್ಬಾತು.

ಮನೆಯೊಳಗೆ ಬಂದ ಮೇಲೆ ಸಿತೋ ಕುರ್ಚಿಯಲ್ಲಿ ಕೂತ. ಲಾಯ್‌ಹಾ ಒಲೆ ಹಚ್ಚಿದಳು.

"ನಾನು ಮುಟ್ತೀನಿ ಅಂತ ಕಟ್ಟಿದೆಯಾ?"

"ಹೂಂ."

"ಇಪ್ಪತ್ತೆರಡು ವರ್ಷ ಆದ ಮೇಲೂ?"

ಲಾಯ್‌ಹಾ ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ಇಪ್ಪತ್ತೆರಡು ವರ್ಷದಿಂದ ನೀನು ಹೊಸ್ತಿಲು ದಾಟಿದಾಗೆಲ್ಲ ನನಗೆ ಭಯ. ಮುಟ್ಟದೆ ಬಂದ್ರೆ ಗಂಡ ಉಳಿದ. ಮುಟ್ಟಿದ್ರೆ ಹೆಬ್ಬಾತಾದ್ರೂ ಬರ್ಲಿ ಅಂದ್ಕೊಂಡೆ. ಎರಡೂ ಕೈ ಖಾಲಿ ಆಗೋದನ್ನ ಒಂದು ಸಲ ನೋಡಿದೀನಿ."

ಸಿತೋ ಹೇಳಿದ. "ಚೀಲದ ಪಟ್ಟಿ ಲೆಕ್ಕಕ್ಕಿದೆ ಅಂದಿದ್ರೆ ನೀನು ಗೆದ್ದಿರ್ತಿದ್ದೆ."

"ಗೊತ್ತು. ಬಾಜಿ ಬೇರೆ, ಮೋಸ ಬೇರೆ."

ಮಾಳಿಗೆಯ ಮೇಲೆ ಒಂಟಿಯಾದ ಹೆಬ್ಬಾತು ಕೂಗತೊಡಗಿತು. ಜೊತೆಯಿಲ್ಲದೆ ಅದು ಕಾಳು ಮುಟ್ಟುವುದಿಲ್ಲ ಎಂದಳು ಲಾಯ್‌ಹಾ. ಬರುವ ತಿಂಗಳು ಬಸ್ಸು ಮತ್ತೆ ಮಕಾವಿಗೆ ಹೋಗುತ್ತದೆ, ನಿನ್ನ ಹೆಸರು ಬರೆಸಿದ್ದೇನೆ, ಅಲ್ಲಿಯವರೆಗೂ ದೊಡ್ಡದನ್ನು ಕೊಯ್ಯುವುದಿಲ್ಲ ಎಂದು ಫೋಕ್ ಮಾತು ಕೊಟ್ಟಿದ್ದಾಳೆ, ಗೆದ್ದವರಿಗೆ ಎರಡೂ ಹಕ್ಕಿ ಎಂದಳು.

"ಈ ಸಲ ಯಾವ ಕಡೆ ಕಟ್ಟಿದೀಯ?"

"ಹೇಳಿದ್ರೆ ಆಟ ಕೆಡುತ್ತೆ."

ಸಿತೋ ಲೆಕ್ಕ ಹಾಕತೊಡಗಿದ. ಫೋಕ್ ಅಕ್ಕ ಗೆದ್ದ ಕಡೆ ಬಿಟ್ಟು ಕದಲುವವಳಲ್ಲ. ಹಾಗಿದ್ದರೆ ಲಾಯ್‌ಹಾಳಿಗೆ ಉಳಿದದ್ದು ಹಳೆಯ ಕಡೆಯೇ. ಆದರೆ ತನ್ನ ಮೇಲೆ ಈಗ ಅವಳಿಗೆ ನಂಬಿಕೆ ಹುಟ್ಟಿದ್ದರೆ ಹಟ ಮಾಡಿ ಕಡೆ ಬದಲಿಸಿರಲೂಬಹುದು. ಪೂನ್ ಸೋತವನು, ಅವನು ಈ ಸಲ ದುಪ್ಪಟ್ಟು ಕಟ್ಟುತ್ತಾನೆ. ತಾನು ಮುಟ್ಟಿದರೆ ಯಾರಿಗೆ ಎಷ್ಟು, ಮುಟ್ಟದಿದ್ದರೆ ಯಾರಿಗೆ ಎಷ್ಟು ಎಂದು ಅವನು ಮನಸ್ಸಿನಲ್ಲೇ ಒಬ್ಬೊಬ್ಬರನ್ನೇ ಸಾಲಾಗಿ ಜೋಡಿಸುತ್ತ ಹೋದ.

ಒಳಗಿನಿಂದ ಲಾಯ್‌ಹಾ ಊಟಕ್ಕೆ ಕರೆದಳು.

"ಇದೊಂದು ಮುಗಿಸಿ ಬಂದೆ," ಎಂದ ಸಿತೋ.

ಹೊಲಿಗೆ ಯಂತ್ರ ಹೋದ ದಿನವೂ ಅವಳು ಊಟಕ್ಕೆ ಕರೆದಾಗ ಮಾಜಾಂಗ್ ಮೇಜಿನಿಂದ ಅವನು ಹೇಳಿದ್ದು ಇದೇ ಮಾತು. ಒಳಗೆ ಸೌಟಿನ ಸದ್ದು ಗಕ್ಕನೆ ನಿಂತಿತು.