ಮಾವನ ಭೂಗೋಳಶಾಸ್ತ್ರ

ನಮ್ಮ ಸೋದರಮಾವ ದೇವರನ್ನೂ ಬಿಡುವವರಲ್ಲ. ದೇವರೇ ಎದುರು ಬಂದು ನಿಂತರೂ ‘ನಿಮ್ಮದು ಯಾವ ಊರು, ಅಲ್ಲಿ ಮಳೆ ಹೇಗೆ’ ಎಂದು ಕೇಳಿ, ಉತ್ತರ ಬರುವ ಮೊದಲೇ ಅವನ ಗುಣಸ್ವಭಾವ ಹೇಳಿ ಮುಗಿಸುತ್ತಾರೆ! ಮನುಷ್ಯನನ್ನು ಮಾಡುವುದು ತಾಯಿ ತಂದೆಯಲ್ಲ, ಮಣ್ಣು ಮತ್ತು ನೀರು ಎಂಬುದು ಅವರ ಸಿದ್ಧಾಂತ. ಇದಕ್ಕೆಲ್ಲ ಎಷ್ಟು ಓದಿದ್ದಾರೆ ಅಂತೀರಾ? ಕರಾವಳಿಯ ಬೋಳಾರದಲ್ಲಿರುವ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು, ವಡೆ ಕಟ್ಟಲು ತರಿಸಿದ ಹಳೆಯ ಪೇಪರು ಓದಿದ್ದಾರೆ, ಅಷ್ಟೇ.

ಗಿರಾಕಿ ಎರಡನೇ ಸಲ ಸಾಂಬಾರು ಕೇಳಿದರೆ ಸಾಕು. “ಘಟ್ಟದ ಮೇಲಿನವ. ಅಲ್ಲಿ ನದಿ ಬತ್ತುತ್ತದೆ, ಸಿಕ್ಕಿದಾಗ ತುಂಬಿಸಿಕೊಳ್ಳುವ ಅಭ್ಯಾಸ” ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ. ಒಮ್ಮೆ ಹಾಗೆ ಹೇಳಿಸಿಕೊಂಡವರು ಯಾರು? ಬೋಳಾರದ ಪಕ್ಕದ ಜೆಪ್ಪುವಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯವರು! “ಹಾಗಾದರೆ ಅವನ ಅಜ್ಜ ಮೇಲಿನಿಂದ ಬಂದಿರಬೇಕು ಮಾರಾಯ” ಎಂದರು ಮಾವ. ಸಿದ್ಧಾಂತಕ್ಕೆ ಮನುಷ್ಯ ಹೊಂದದಿದ್ದರೆ ಅವರು ಮನುಷ್ಯನನ್ನೇ ತಿದ್ದುತ್ತಾರೆ.

ಕರಾವಳಿಯವರು ಮಾತಿನಲ್ಲಿ ಜಿಪುಣರಂತೆ. ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸದೆಂದು ನಮ್ಮ ಹಿರಿಯರು ಬಾಯಿ ಮುಚ್ಚಿ ಕೂತದ್ದೇ ಅಭ್ಯಾಸವಾಯಿತಂತೆ. ಇದನ್ನು ಮಾವ ಉಸಿರು ಬಿಡದೆ ಒಂದು ಗಂಟೆ ವಿವರಿಸಿದರು!

ಇಂಥವರ ಕೈಯಲ್ಲಿ ನನ್ನ ತಂಗಿಯ ಮದುವೆ ಸಿಕ್ಕಿಕೊಂಡಿತು. ನಮ್ಮದು ಅಳಿಯಸಂತಾನದ ಮನೆ, ಅಂದರೆ ವಂಶ ನಡೆಯುವುದು ತಾಯಿಯ ಕಡೆಯಿಂದ. ಆಸ್ತಿಯ ಕಾನೂನು ಬದಲಾದರೂ, ಅಮ್ಮನ ಅಣ್ಣ ಒಪ್ಪದೆ ಹೆಣ್ಣನ್ನು ಧಾರೆ ಎರೆದು ಕೊಡುವ ಕ್ರಮವಿಲ್ಲ. ತಂಗಿ ಹಲ್ಲಿನ ಡಾಕ್ಟರು. ಮೆಚ್ಚಿದ್ದು ಜೊತೆಯಲ್ಲೇ ಓದಿದ ವಿಜಯಪುರದ ಹುಡುಗನನ್ನು. ಮದುವೆಯಾಗಿ ಅವನ ಊರಿನಲ್ಲಿ ಕ್ಲಿನಿಕ್ ತೆರೆಯುವುದು ಇಬ್ಬರ ಆಸೆ. ಪಾಪ, ಆ ಹುಡುಗ ಒಂದು ಭಾನುವಾರ ಮಾವನ ಒಪ್ಪಿಗೆ ಕೇಳಲು ಮನೆಗೆ ಬಂದ.

“ನಿಮ್ಮ ಮನೆಯ ಬಾವಿ ಎಷ್ಟು ಆಳ?” ಇದು ಮಾವನ ಮೊದಲ ಪ್ರಶ್ನೆ. ಹೆಸರು ಆಮೇಲೆ ಕೇಳಿದರಾಯಿತು!

“ಬಾವಿ ಬತ್ತೇತ್ರಿ. ಬೋರ್ ಐತಿ, ಭಾಳ ಆಳ.”

ಮಾವ ಗೆದ್ದವರ ಹಾಗೆ ನಮ್ಮ ಕಡೆ ತಿರುಗಿದರು. “ನೋಡು, ನೀರನ್ನೇ ಅಷ್ಟು ಕೆಳಗೆ ಇಟ್ಟುಕೊಂಡವರು ಮನಸ್ಸಿನಲ್ಲಿ ಇದ್ದದ್ದನ್ನು ಹೊರಗೆ ಹೇಳ್ತಾರಾ?”

“ಕೇಳ್ರಿ, ಹೇಳ್ತೀನ್ರಿ” ಎಂದ ಹುಡುಗ. ಮಾವ ಎಲ್ಲಿ ಕೇಳುತ್ತಾರೆ? ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಆದ್ದರಿಂದ ಅಲ್ಲಿಯ ಸಂಸಾರಗಳೂ ಬಿರಿಯುತ್ತವೆ ಎಂದು ಹೊರಟರು. ಆ ಮಣ್ಣನ್ನು ಅವರು ಜನ್ಮದಲ್ಲಿ ಕಣ್ಣಿಂದ ಕಂಡವರಲ್ಲ. ಕೊನೆಗೆ ತೀರ್ಪು ಬಂತು: “ಈ ಮದುವೆಗೆ ನಾನು ಧಾರೆ ಎರೆಯುದಿಲ್ಲ.”

ತಂಗಿಯ ಮುಖ ಬಾಡಿತು. ಆದರೂ ಅವಳು ಬಿಡಲಿಲ್ಲ. “ಮಣ್ಣು ನೀರು ಎಲ್ಲ ಸಾಕು ಮಾವ. ನಿಮಗೆ ಎಂತ ಹೆದರಿಕೆ, ಅದು ಹೇಳಿ.”

ಮಾವ ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳದ ಹಾಗೆ ದನಿ ತಗ್ಗಿಸಿ ಹೇಳಿದರು: “ನಿನ್ನ ಅಮ್ಮ ಬಜಪೆಯಲ್ಲಿ ಗಂಡನ ಮನೆ ಬಿಟ್ಟ ದಿನ ನಿನ್ನನ್ನು ಎತ್ತಿಕೊಂಡು, ಈ ನಿನ್ನ ಅಣ್ಣನ ಕೈ ಹಿಡಿದು, ಸಿಟಿ ಬಸ್ಸಿನಲ್ಲಿ ಬಂದಳು. ಹತ್ತಿರ ಇತ್ತು, ಬಂದಳು. ನೀನು ಅಷ್ಟು ದೂರದಿಂದ ಹೇಗೆ ಬರ್ತಿ?”

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಕಂಡಕಂಡವರ ಊರು, ಮಳೆ, ಅಜ್ಜನನ್ನೆಲ್ಲ ಕೆದಕುವ ಈ ಮನುಷ್ಯ, ಬಾಗಿಲಲ್ಲಿ ನಿಂತ ತಮ್ಮ ತಂಗಿಯನ್ನು ಒಂದು ಮಾತೂ ಕೇಳಲಿಲ್ಲ. “ಬಾ, ಗಂಜಿ ಬಿಸಿ ಉಂಟು” ಎಂದರು. ಇಂದಿನವರೆಗೂ ಕೇಳಿಲ್ಲ.

ಮಾವ ಅಂದು ಏನೂ ಕೇಳಲಿಲ್ಲ ಎಂಬುದು ತಿಳಿಯದ ಹುಡುಗ ಮೆಲ್ಲಗೆ ಹೇಳಿದ: “ಅಲ್ಲಿಂದ ಬಸ್ ಐತ್ರಿ. ಆಕಿ ಬರ್ತೀನಂದ್ರ ನಾನ ಹತ್ತಿಸಿ ಕಳಸ್ತೀನ್ರಿ. ಯಾಕಂತ ಕೇಳಂಗಿಲ್ಲ.”

ನನಗೆ ಅಳು ತಡೆಯಲಾಗಲಿಲ್ಲ. ಆಮೇಲೆ ಮಾವ ಎದ್ದು ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದ್ದು ಹೊರಗೆ ನಮಗೆಲ್ಲ ಕೇಳಿಸಿತು.

“ಹುಡುಗಿಯನ್ನು ಕೊಡುವ ಮಾರಾಯ್ತಿ. ಅವಳಿಗೆ ಬೇಕಾದಾಗ ಬರಲಿಕ್ಕೆ ಆಗ್ತದೆ.”